ಏಳು ಮನೆಗಳ ಅನ್ನ

ನೂರು ವರ್ಷದ ಹಿಂದೆ ಹಳೆ ಮೈಸೂರು ಸೀಮೆಯ ಹಳ್ಳಿಯಲ್ಲಿ ಬಡ ಬ್ರಾಹ್ಮಣರ ಹುಡುಗನೊಬ್ಬ ಲೋವರ್ ಸೆಕೆಂಡರಿ ಮುಗಿಸಿ ಮುಂದೆ ಓದಬೇಕೆಂದರೆ, ಅವನ ಅಪ್ಪ ಮೊದಲು ಮನೆ ಹುಡುಕಬೇಕಾಗಿತ್ತು. ಒಂದಲ್ಲ, ಏಳು ಮನೆ. ಹೈಸ್ಕೂಲು ಇದ್ದದ್ದು ಮೈಸೂರು, ಬೆಂಗಳೂರು, ಹಾಸನ, ತುಮಕೂರಿನಂಥ ಊರುಗಳಲ್ಲಿ. ಫೀಜಿಗೆ ಸಾಲವೋ ಸೋಲವೋ ಮಾಡಬಹುದು, ಮಲಗಲು ಛತ್ರದ ಮೂಲೆಯೋ ದೇವಸ್ಥಾನದ ಜಗಲಿಯೋ ಸಿಗಬಹುದು. ದಿನಕ್ಕೆರಡು ಹೊತ್ತು ಊಟ ಹಾಕುವವರು ಯಾರು? ಅದಕ್ಕೆಂದೇ ಅಪ್ಪ ಮಗನ ಕೈಹಿಡಿದು ಪೇಟೆಯ ಅಗ್ರಹಾರದ ಬೀದಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತಿದ್ದ. ವಕೀಲರ ಮನೆಯಲ್ಲಿ ಸೋಮವಾರ, ಮೇಷ್ಟರ ಮನೆಯಲ್ಲಿ ಮಂಗಳವಾರ, ದೂರದ ಸೋದರತ್ತೆಯ ಮನೆಯಲ್ಲಿ ಬುಧವಾರ. ಹೀಗೆ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತಾದರೆ ಅಪ್ಪ ನಿಶ್ಚಿಂತೆಯಿಂದ ಊರಿಗೆ ಮರಳುತ್ತಿದ್ದ. ಐದೇ ಗೊತ್ತಾದರೆ ಮಗ ಎರಡು ದಿನ ಅವಲಕ್ಕಿಯಲ್ಲೋ ಹುರಿಹಿಟ್ಟಿನಲ್ಲೋ ಕಳೆಯಬೇಕು.

ಇದೇ ವಾರಾನ್ನ. ಕನ್ನಡ ನಾಡಿನ ಎರಡು ಮೂರು ತಲೆಮಾರಿನ ಮೇಷ್ಟರು, ಗುಮಾಸ್ತರು, ವಕೀಲರು, ಲೇಖಕರು ಈ ಪದ್ಧತಿಯಲ್ಲಿ ಉಂಡು ಬೆಳೆದವರು. ಅವರ ಆತ್ಮಕಥೆಗಳಲ್ಲಿ ಹಸಿವಿನ ಪುಟಗಳು ಎದ್ದು ಕಾಣುತ್ತವೆ. ಬೀದಿಯ ಕೊನೆಯ ಮನೆಯ ಬಾಗಿಲಲ್ಲಿ ನಿಂತು ಮಗನಿಗಾಗಿ ಅನ್ನ ಕೇಳಿದ ಅಪ್ಪನ ಪುಟ ಮಾತ್ರ ಅಷ್ಟಾಗಿ ಕಾಣುವುದಿಲ್ಲ. ತನಗಾಗಿ ಎಂದೂ ಕೈಚಾಚದ ಶಾನುಭೋಗನೋ ಪುರೋಹಿತನೋ ಅಂದು, ಪಕ್ಕದಲ್ಲಿ ಮಗ ನಿಂತಿರುವಾಗಲೇ, 'ಹುಡುಗ ಚುರುಕಾಗಿದ್ದಾನೆ ತಾಯಿ, ಒಂದು ವಾರ ಕೊಡಿ' ಎಂದು ಬೇಡುತ್ತಿದ್ದ. ಆ ಹುಡುಗನ ಓದು ಶುರುವಾಗುತ್ತಿದ್ದದ್ದು ಅಲ್ಲಿಂದ.

ಪದ್ಧತಿಯ ಬೇರು ಹಳೆಯದು. ಉಪನಯನದ ದಿನ ವಟು ಮೊದಲ ಭಿಕ್ಷೆಯನ್ನು ಬೇಡುವುದು ತಾಯಿಯ ಬಳಿ. ತುಂಬಿದ ತಟ್ಟೆಯಿಂದ ಅಕ್ಕಿ ಸುರಿಯುವವಳು ಅವಳು. ಆಮೇಲೆ ಬಂಧುಗಳು, ನೆರೆಯವರು. ಗುರುಕುಲದಲ್ಲಿ ಕಲಿಯುವ ಹುಡುಗ ಊರವರ ಅನ್ನ ಉಣ್ಣಬೇಕೆಂಬ ಹಿಂದಿನ ಕಟ್ಟಳೆಯನ್ನು ಇಂಗ್ಲಿಷ್ ಶಾಲೆಗಳ ಕಾಲ ತನಗೆ ಬೇಕಾದಂತೆ ತಿದ್ದಿಕೊಂಡಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸರ್ಕಾರಿ ನೌಕರಿಗೆ ಇಂಗ್ಲಿಷ್ ಪರೀಕ್ಷೆ ಬೇಕೆಂದಾಯಿತು. ಹಳ್ಳಿಯ ಇನಾಮು ಜಮೀನು ಅಣ್ಣತಮ್ಮಂದಿರಲ್ಲಿ ಹಂಚಿ ಹಂಚಿ ಸವೆದಿತ್ತು. ಮನೆಯಲ್ಲಿ ಒಬ್ಬನಾದರೂ ಓದಿ ದಡ ಸೇರಬೇಕೆಂಬ ಒತ್ತಡ ಹುಟ್ಟಿದ್ದು ಆಗ. ವೇದಪಾಠದ ವಟುವಿಗೆ ಅನ್ನ ಇಟ್ಟರೆ ಪುಣ್ಯವೆನ್ನುತ್ತಿದ್ದ ಗೃಹಸ್ಥರು ಆಲ್ಜೀಬ್ರಾ ಓದುವ ಹುಡುಗನಿಗೂ ಅದೇ ಭಾವದಿಂದ ಎಲೆ ಹಾಕಿದರು. ಧಾರವಾಡ, ಬೆಳಗಾವಿ, ಪುಣೆಗಳ ಕಡೆಯೂ ಇದೇ ರೂಢಿ ಇತ್ತು. ಐದಾರು ಮನೆಯ ಬೇಯಿಸಿದ ಅನ್ನವನ್ನು ಒಟ್ಟುಮಾಡಿಕೊಂಡು ಉಣ್ಣುವ ಮಧುಕರಿಯೂ ಅದರ ಜೊತೆಗಿತ್ತು.

ವಾರದ ಮನೆಗೆ ಅದರದೇ ಶಿಸ್ತು. ಹುಡುಗ ಹೊತ್ತಿಗೆ ಸರಿಯಾಗಿ ಹೋಗಬೇಕು, ಮೊದಲೇ ಹೋಗಿ ಕಾಯುತ್ತ ಕೂರುವಂತಿಲ್ಲ. ಸ್ನಾನ ಮಾಡಿ ಮಡಿಯುಟ್ಟು ಪಂಕ್ತಿಯ ಕೊನೆಯಲ್ಲಿ ಕೂರಬೇಕು. ಎರಡನೆಯ ಸಲ ಕೇಳುವ ಹಾಗಿಲ್ಲ, ಬಡಿಸಿದರೆ ಬಿಡುವ ಹಾಗಿಲ್ಲ. ಉಂಡ ಎಲೆ ತೆಗೆದು ನೆಲಕ್ಕೆ ಗೋಮಯ ಹಚ್ಚುವುದು ಅವನ ಪಾಲಿನ ಕೆಲಸ. ಬಾವಿಯಿಂದ ನೀರು ಸೇದುವುದು, ಪೂಜೆಗೆ ಹೂ ತರುವುದು, ಅಂಗಡಿಗೆ ಓಡುವುದು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಯಾರೂ ಹೇಳದೆ ಬರುತ್ತಿದ್ದ ಕೆಲಸಗಳು. ಆ ಮನೆಯಲ್ಲಿ ಸೂತಕ ಬಂದರೆ, ಯಜಮಾನರು ಊರಿಗೆ ಹೋದರೆ ಅಂದು ಉಪವಾಸ. ತಿಥಿ ಬಂದರೆ ಹಬ್ಬ, ವಡೆ ರವೆಉಂಡೆಯ ಊಟ. ಏಕಾದಶಿ ಬಂದರೆ ಏಳೂ ಮನೆಯ ಒಲೆ ಒಟ್ಟಿಗೇ ತಣ್ಣಗೆ. ಯಾವ ಮನೆಯಲ್ಲಿ ತುಪ್ಪ ಬೀಳುತ್ತದೆ, ಯಾವ ಮನೆಯಲ್ಲಿ ಸಾರು ನೀರಾಗಿರುತ್ತದೆ, ಯಾವ ಅಮ್ಮ ಕೈತಡೆಯದೆ ಬಡಿಸುತ್ತಾಳೆ ಎಂಬ ಲೆಕ್ಕ ವಾರದ ಹುಡುಗರ ನಡುವೆ ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು.

ಊರಿನ ಮನೆಯೊಂದಿಗೆ ಉಳಿದಿದ್ದ ಎಳೆ ಕಾಲಾಣೆ ಕಾರ್ಡು. 1879ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಬಂತು. ಹತ್ತು ವರ್ಷದ ಮೇಲೆ, 1889ರಲ್ಲಿ, ಮೈಸೂರು ಸಂಸ್ಥಾನದ ಅಂಚೆ ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು. ಅಂಗೈಯಗಲದ ಆ ಕಾರ್ಡಿನಲ್ಲಿ ಅಪ್ಪ ಬರೆಯುತ್ತಿದ್ದದ್ದು ಕ್ಷೇಮಸಮಾಚಾರ, ಮಳೆ, ಹಸು ಕರು ಹಾಕಿದ್ದು, ಮಗನ ಮಾರ್ಕಿನ ವಿಚಾರಣೆ. ಅಮ್ಮನಿಗೆ ಸಾಮಾನ್ಯವಾಗಿ ಓದುಬರಹ ಬರುತ್ತಿರಲಿಲ್ಲ. ಊರ ಕಡೆಯಿಂದ ಯಾರಾದರೂ ಬಂದರೆ ಚಟ್ನಿಪುಡಿಯ ಗಂಟು, ಒಂದಿಷ್ಟು ಕೊಬ್ಬರಿ ಬೆಲ್ಲ ಅವಳ ಮಾತನ್ನು ತಲುಪಿಸುತ್ತಿದ್ದವು.

ಕಷ್ಟವೇ ಮನುಷ್ಯನನ್ನು ಗಟ್ಟಿ ಮಾಡುತ್ತದೆ, ಹಿಂದಿನವರು ಹಸಿದು ಓದಿದ್ದರಿಂದಲೇ ದೊಡ್ಡವರಾದರು ಎಂಬ ಮಾತನ್ನು ಈಗಲೂ ಮಕ್ಕಳೆದುರು ಹೇಳುವುದುಂಟು. ವಾರಾನ್ನದ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಹಸಿವು ಎಲ್ಲ ಹುಡುಗರಿಗೂ ಒಂದೇ ಆಗಿತ್ತು. ಅವಮಾನ ತಾಳದೆ ಓದು ಬಿಟ್ಟವರು, ಜ್ವರ ಬಂದು ಛತ್ರದ ಮೂಲೆಯಲ್ಲಿ ನರಳಿದವರು, ಊರಿಗೂ ಹಿಂತಿರುಗದೆ ಕಣ್ಮರೆಯಾದವರು ಆತ್ಮಕಥೆ ಬರೆಯಲಿಲ್ಲ. ಉಳಿದು ಬಂದವರ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವುದು, ತಮಗಾಗಿ ಬದುಕನ್ನೇ ಪಣವಿಟ್ಟ ಒಬ್ಬರ ಮುಖ. ಹೆಚ್ಚಿನ ಸಲ ಅದು ತಾಯಿಯದು.

ಕಾದಂಬರಿಕಾರ ಎಸ್.ಎಲ್. ಭೈರಪ್ಪನವರದು ಇದರ ತೀವ್ರ ಉದಾಹರಣೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿದ ಅವರ ಬಾಲ್ಯವನ್ನು ಪ್ಲೇಗು ನುಂಗಿತು. ತಾಯಿ ಗೌರಮ್ಮ ಹೋದರು, ಒಡಹುಟ್ಟಿದವರು ಹೋದರು. ತಂದೆ ಇದ್ದರೂ ಮಗನಿಗೆ ಆಸರೆಯಾಗಲಿಲ್ಲ. 1996ರಲ್ಲಿ ಬಂದ ಆತ್ಮಕಥೆ 'ಭಿತ್ತಿ'ಯಲ್ಲಿ ಭೈರಪ್ಪ ವಾರಾನ್ನದ ದಿನಗಳನ್ನು ಯಾವ ಅಲಂಕಾರವೂ ಇಲ್ಲದೆ ಬರೆದಿದ್ದಾರೆ. ಊಟಕ್ಕೂ ಫೀಜಿಗೂ ಊದುಬತ್ತಿ ಮಾರಿದ್ದು, ಸಿನಿಮಾ ಟೆಂಟಿನ ಬಾಗಿಲು ಕಾದದ್ದು, ನಡುವೆ ಓದು ಬಿಟ್ಟು ಮುಂಬಯಿಗೆ ಹೋಗಿ ರೈಲ್ವೆ ಹಮಾಲಿಯಾಗಿದ್ದು, ಸಾಧುಗಳ ಜೊತೆ ಅಲೆದದ್ದು ಎಲ್ಲ ಅಲ್ಲಿದೆ. ಅಲೆದ ಹುಡುಗ ಮೈಸೂರಿಗೆ ಹಿಂತಿರುಗಿ ಬಂದು ಮತ್ತೆ ಪುಸ್ತಕ ಹಿಡಿದ, ಮುಂದೆ ತತ್ತ್ವಶಾಸ್ತ್ರದ ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದ.

ಅವನನ್ನು ಹಿಂದಕ್ಕೆ ಎಳೆದದ್ದು ಏನು ಎಂಬುದಕ್ಕೆ 1970ರ 'ಗೃಹಭಂಗ'ದಲ್ಲಿ ಸುಳಿವುಂಟು. ಕಾದಂಬರಿಯ ನಂಜಮ್ಮ, ಕೈಲಾಗದ ಗಂಡನ ಬದಲು ಶಾನುಭೋಗಿಕೆಯ ಲೆಕ್ಕ ತಾನೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ, ಮಕ್ಕಳನ್ನು ಶಾಲೆಗೆ ಕಳಿಸಿಯೇ ತೀರುತ್ತಾಳೆ. ಎಲೆಯ ತೊಟ್ಟು ಮುರಿದು ಕಡ್ಡಿ ಚುಚ್ಚುವ ಅವಳ ಬೆರಳುಗಳನ್ನು ಓದುಗ ಮರೆಯಲಾರ. ನಂಜಮ್ಮನ ಹಿಂದೆ ಇದ್ದವರು ಗೌರಮ್ಮನವರೇ. ತಾಯಿ ಬದುಕಿದ್ದದ್ದು ಮಗನ ಎಳವೆಯ ಕೆಲವೇ ವರ್ಷ. ಆ ಕೆಲವು ವರ್ಷ ಅರ್ಧ ಶತಮಾನದ ಬರವಣಿಗೆಗೆ ಸಾಕಾಯಿತು. ತೊಂಬತ್ತು ದಾಟಿದ ಮೇಲೂ ಭೈರಪ್ಪ ಸಂತೇಶಿವರದ ಕೆರೆಗೆ ನೀರು ತುಂಬಿಸಲು ಸರ್ಕಾರದ ಬೆನ್ನು ಹತ್ತಿದರು. 2025ರಲ್ಲಿ, ಅವರು ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ, ತುಂಬಿದ ಕೆರೆಯ ಸಂತೋಷಕ್ಕೆ ಊರವರು ಅವರನ್ನು ಮೆರವಣಿಗೆಯಲ್ಲಿ ಕರೆದೊಯ್ದರು.

ಎಲೆಯ ಈಚೆ ಕೂತವನ ಕಥೆ ಇದಾದರೆ, ಎಲೆಯ ಆಚೆ ನಿಂತು ಬಡಿಸಿದವರ ಕಥೆ ಧಾರವಾಡದಲ್ಲಿದೆ. 1896ರಲ್ಲಿ ಹುಟ್ಟಿದ ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಇನ್ನೂ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಮನೆ ನಡೆಸುವ ಭಾರ ಅಜ್ಜಿ ಗೋದೂಬಾಯಿ ಮತ್ತು ತಾಯಿ ಅಂಬವ್ವನ ಮೇಲೆ ಬಿತ್ತು. ಇಬ್ಬರೂ ಖಾನಾವಳಿ ಇಟ್ಟರು. ಊರಿಂದ ಓದಲು ಬಂದ ಹುಡುಗರೂ ಕಚೇರಿಯ ಒಂಟಿ ನೌಕರರೂ ತಿಂಗಳ ಲೆಕ್ಕದಲ್ಲಿ ಉಣ್ಣುತ್ತಿದ್ದ ಇಂಥ ಖಾನಾವಳಿಗಳು ಆ ಕಾಲದ ಧಾರವಾಡದಲ್ಲಿ ವಿಧವೆಯರಿಗೆ ಇದ್ದ ಕೆಲವೇ ದಾರಿಗಳಲ್ಲಿ ಒಂದು. ನಸುಕಿನಲ್ಲಿ ಎದ್ದು ಕಟ್ಟಿಗೆಯ ಹೊಗೆಯಲ್ಲಿ ಕೂತು ಪರರ ಮಕ್ಕಳಿಗೆ ಭಕ್ರಿ ಬಡಿದ ಕೈಗಳು ತಮ್ಮ ಹುಡುಗನನ್ನು ಓದಿಸಿದವು. ಚಿಕ್ಕಪ್ಪನ ಆಸರೆಯಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋಗಿ 1918ರಲ್ಲಿ ಬಿ.ಎ. ಮುಗಿಸಿದ ಬೇಂದ್ರೆ, ಕವಿಯಾದಾಗ ತಂದೆಯ ಹೆಸರನ್ನೂ ಮನೆತನದ ಹೆಸರನ್ನೂ ಬದಿಗಿಟ್ಟು ಅಂಬಿಕಾತನಯದತ್ತ ಎಂದು ಸಹಿ ಹಾಕಿದರು. ಜ್ಞಾನಪೀಠ ಬಂದ 1973ರಲ್ಲೂ ಕನ್ನಡಿಗರು ಕೊಂಡಾಡಿದ್ದು ಆ ತಾಯಿಯ ಹೆಸರಿನ ಕವಿಯನ್ನೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ವಾರಾನ್ನದ ಪುಣ್ಯವೆಲ್ಲ ಯಜಮಾನರ ಹೆಸರಿಗೆ ಜಮೆಯಾಯಿತು. 'ಇಷ್ಟು ಹುಡುಗರಿಗೆ ವಾರ ಕೊಟ್ಟವರು' ಎಂದು ಹೊಗಳಿಸಿಕೊಂಡವರು ಅವರು. ಒಲೆ ಊದಿದವರು, ಮಡಿಯಲ್ಲಿ ನೀರು ಹೊತ್ತವರು, ತಮ್ಮ ಪಾಲಿನ ಮಜ್ಜಿಗೆಯನ್ನು ಹುಡುಗನ ಎಲೆಗೆ ಬಗ್ಗಿಸಿದವರು ಒಳಮನೆಯ ಹೆಂಗಸರು. ಅನೇಕರು ಅಕ್ಷರ ಕಲಿಯುವ ಅವಕಾಶವೇ ಸಿಗದವರು. ಗದರಿದ ಯಜಮಾನನನ್ನು ವಾರದ ಹುಡುಗರು ಮುಪ್ಪಿನಲ್ಲಿ ನೆನೆಯದಿರಬಹುದು. ಹಬ್ಬದ ದಿನ ಹೋಳಿಗೆಯೊಂದನ್ನು ಎಲೆಯಲ್ಲಿ ಸುತ್ತಿ ಕೈಗಿಟ್ಟ ಅಮ್ಮನನ್ನು ನೆನೆಯದವರಿಲ್ಲ.

ಆ ಅನ್ನಕ್ಕೆ ಜಾತಿಯ ಗೋಡೆ ಇತ್ತು. ಬ್ರಾಹ್ಮಣರ ಮನೆಯ ವಾರ ಬ್ರಾಹ್ಮಣರ ಹುಡುಗನಿಗೆ ಮಾತ್ರ. ಒಕ್ಕಲಿಗರ, ಲಿಂಗಾಯತರ, ಕುರುಬರ, ನೇಕಾರರ ಹುಡುಗ ಪೇಟೆಗೆ ಓದಲು ಬಂದರೆ ಅವನಿಗೆ ಎಲೆ ಹಾಕುವ ಬೀದಿಯೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸರ್ಕಾರಿ ನೌಕರಿಗಳಲ್ಲಿ ಹೆಚ್ಚಿನವು ಒಂದೇ ಜಾತಿಯ ಪಾಲಾದದ್ದಕ್ಕೆ ಬುದ್ಧಿಯ ಹೆಚ್ಚುಕಡಿಮೆ ಕಾರಣವಲ್ಲ. ಹಿಂದಿದ್ದ ಕಾರಣಗಳಲ್ಲಿ ಈ ಏಳು ಮನೆಗಳ ಅನ್ನವೂ ಒಂದು. ಅದನ್ನು ಕಂಡುಕೊಂಡವರು ಉಚಿತ ವಿದ್ಯಾರ್ಥಿ ನಿಲಯಗಳನ್ನು ಕಟ್ಟಿದರು.

ಬೆಂಗಳೂರಿನ ರೈಲ್ವೆ ಸ್ಟೇಷನ್ ಎದುರಿನ ಗುಬ್ಬಿ ತೋಟದಪ್ಪನವರ ಛತ್ರ ನಾಡಿಗೆಲ್ಲ ಗೊತ್ತು. ವ್ಯಾಪಾರದಲ್ಲಿ ದುಡಿದ ತೋಟದಪ್ಪ (1838–1910) ದಂಪತಿಗೆ ಮಕ್ಕಳಿರಲಿಲ್ಲ. ಆಸ್ತಿಯನ್ನೆಲ್ಲ ಪ್ರಯಾಣಿಕರ ತಂಗುದಾಣಕ್ಕೂ ಓದುವ ಹುಡುಗರ ಉಚಿತ ಹಾಸ್ಟೆಲಿಗೂ ಬರೆದಿಟ್ಟರು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ ಹಳ್ಳಿಯ ಹುಡುಗರ ಓದನ್ನೇ ಮುಖ್ಯ ಕೆಲಸವಾಗಿ ಹಿಡಿಯಿತು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಜೋಳ ಬೇಡಿ ತಂದು ಪ್ರಸಾದ ನಿಲಯ ನಡೆಸಿದರು. ನಿಜಾಮನ ಸೀಮೆಯ ಭಾಲ್ಕಿಯಲ್ಲಿ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಅಪ್ಪ ಒಬ್ಬನೇ ಮನೆ ಮನೆ ತಿರುಗಿ ಬೇಡುತ್ತಿದ್ದ ಕೆಲಸವನ್ನು ಮಠದ ಸ್ವಾಮಿ ನೂರಾರು ಅಪ್ಪಂದಿರ ಪರವಾಗಿ ಮಾಡಿದ ಹಾಗಾಯಿತು.

ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಬದುಕಿನಲ್ಲಿ ಈ ಇಡೀ ಚರಿತ್ರೆ ಅಡಕವಾಗಿದೆ. ಮಾಗಡಿ ತಾಲ್ಲೂಕಿನ ವೀರಾಪುರದ ಹೊನ್ನೇಗೌಡ, ಗಂಗಮ್ಮ ದಂಪತಿಯ ಹದಿಮೂರು ಮಕ್ಕಳಲ್ಲಿ ಕೊನೆಯವರು. ಎಂಟನೆಯ ವಯಸ್ಸಿಗೆ ತಾಯಿ ಇಲ್ಲವಾದರು. ನಾಗವಲ್ಲಿಯಲ್ಲಿ ಕಲಿತು, ತುಮಕೂರಿನಲ್ಲಿ ಹೈಸ್ಕೂಲು ಓದುವಾಗ ಮಠದಲ್ಲೇ ಉಂಡು ಮಲಗಿದ ಹುಡುಗರಲ್ಲಿ ಅವರೂ ಒಬ್ಬರು. 1926ರಲ್ಲಿ ಮೆಟ್ರಿಕ್ ಆಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. ಪದವಿ ಮುಗಿಯುವ ಮುಂಚೆಯೇ, 1930ರಲ್ಲಿ, ಮಠದ ಉತ್ತರಾಧಿಕಾರಿಯಾಗಿ ಆಯ್ಕೆಯಾದರು. ಮಗ ಕಾಲೇಜು ಓದಿ ಮನೆಗೆ ಬರುತ್ತಾನೆಂದು ಕಾದಿದ್ದ ಮನೆಗೆ ಅವರು ಮಗನಾಗಿ ಮರಳಲಿಲ್ಲ. ಹಳ್ಳಿ ಹಳ್ಳಿ ಸುತ್ತಿ ರಾಗಿ, ಅಕ್ಕಿ, ತೆಂಗಿನಕಾಯಿ ಸಂಗ್ರಹಿಸಿ ಜಾತಿ ಕೇಳದೆ ಮಕ್ಕಳನ್ನು ಸೇರಿಸಿಕೊಂಡರು. ಅವರ ಕೊನೆಗಾಲದ ಹೊತ್ತಿಗೆ ಮಠದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಉಣ್ಣುತ್ತಿದ್ದರು. 2019ರ ಜನವರಿ 21ರಂದು ಬೆಳಗ್ಗೆ ಅವರು ಲಿಂಗೈಕ್ಯರಾದಾಗ, ಅವರದೇ ಇಚ್ಛೆಯಂತೆ, ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೂ ಸುದ್ದಿಯನ್ನು ಹೊರಗೆ ಬಿಡಲಿಲ್ಲ. ಎಂಟು ವರ್ಷಕ್ಕೆ ತಬ್ಬಲಿಯಾದ ಮಗುವಿಗೆ, ಸಾವಿನ ಸುದ್ದಿ ಬಂದ ಮನೆಯಲ್ಲಿ ಮಕ್ಕಳು ಹಸಿದು ಕೂರುವುದು ಹೇಗಿರುತ್ತದೆಂದು ಗೊತ್ತಿದ್ದಿರಬೇಕು.

ತಂದೆಯನ್ನು ಬೇಗ ಕಳೆದುಕೊಂಡ ಹುಡುಗರ ಸಾಲು ಈ ನಾಡಿನಲ್ಲಿ ಉದ್ದವಾಗಿದೆ. ವಿಶ್ವೇಶ್ವರಯ್ಯನವರಿಗೆ ಬೆಂಗಳೂರಿನಲ್ಲಿ ಸೋದರಮಾವ ಆಸರೆಯಾದರು, ಮನೆಪಾಠದಿಂದ ಓದಿನ ಖರ್ಚು ಹೊರಟಿತು. ಕುವೆಂಪು ಅವರದು ಮಲೆನಾಡಿನ ಅನ್ನಕ್ಕೆ ಕೊರತೆಯಿಲ್ಲದ ಮನೆ. ಹನ್ನೆರಡರ ಹೊತ್ತಿಗೆ ತಂದೆ ಹೋದಾಗ ಅವರಿಗೆ ಕೊರತೆಯಾದದ್ದು ಬೇರೆ. ಮೈಸೂರಿನ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಕಾಯಿಲೆ ಬಿದ್ದ ಆ ತರುಣನನ್ನು ಆಶ್ರಮಕ್ಕೆ ಕರೆತಂದು ಇರಿಸಿಕೊಂಡರು. ಮದುವೆಯಾಗುವವರೆಗೆ ಕುವೆಂಪು ಅಲ್ಲೇ ಇದ್ದರು. ಹೆತ್ತವರು ಇಲ್ಲದ ಕಡೆ ಆ ಜಾಗಕ್ಕೆ ಇನ್ನೊಬ್ಬರು ಬಂದು ನಿಂತದ್ದನ್ನು ಈ ಎಲ್ಲ ಬದುಕುಗಳಲ್ಲೂ ಕಾಣಬಹುದು.

ಇದಕ್ಕೆ ದೂರದ ಒಂದು ದ್ವೀಪದಿಂದ ಪುರಾವೆ ಸಿಕ್ಕಿದೆ. ಹವಾಯಿಯ ಕೌವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಕುಡಿತ, ಒಡೆದ ಸಂಸಾರಗಳ ನಡುವೆ ಬೆಳೆದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಪಾಲು ಮಕ್ಕಳು ನೆಮ್ಮದಿಯ, ಹೊಣೆಯರಿತ ದೊಡ್ಡವರಾದರು. ಅವರ ಬದುಕಿನಲ್ಲಿ ಹೆತ್ತವರೋ ಅಜ್ಜಿಯೋ ಟೀಚರೋ, ಬಿಡದೆ ಕಾಳಜಿ ಮಾಡಿದ ಒಬ್ಬರಾದರೂ ಇದ್ದರು. ಇನ್ನೊಬ್ಬರಿಗೆ ಬೇಕಾದ ಕೆಲಸವೊಂದನ್ನು ಎಳವೆಯಲ್ಲೇ ಹೊತ್ತವರೂ ಅವರಲ್ಲಿ ಹಲವರಿದ್ದರು. ವಾರದ ಮನೆಯಲ್ಲಿ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಹುಡುಗನನ್ನು ಇಲ್ಲಿ ನೆನೆಯಬಹುದು. ಉಂಡ ಅನ್ನಕ್ಕೆ ಪ್ರತಿಯಾಗಿ ತಾನೂ ಏನೋ ಕೊಟ್ಟೆನೆಂಬ ಸಮಾಧಾನ ಅವನ ತಲೆ ತಗ್ಗದಂತೆ ಕಾದಿರಬೇಕು.

ಕರಾವಳಿಯಲ್ಲಿ ದಾರಿಯೇ ಬೇರೆ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಹುಡುಗನ ಬದುಕಿನ ತೀರ್ಮಾನ ಸೋದರಮಾವನ ಕೈಯಲ್ಲಿತ್ತು. ಅಪ್ಪ ಪ್ರೀತಿಯ ಅತಿಥಿ. ಅಲ್ಲಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಹಡಗು ಹತ್ತಿ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಕಪ್ಪು ತೊಳೆದರು. ಊಟ ಅಲ್ಲೇ, ಮಲಗುವುದು ಅಲ್ಲೇ ಮೇಜಿನ ಮೇಲೆ. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ನಡೆಸಿದ ಕನ್ನಡ ರಾತ್ರಿ ಶಾಲೆಗಳಲ್ಲಿ, ದಿನವಿಡೀ ಓಡಾಡಿ ದಣಿದ ಈ ಮಕ್ಕಳು ನಿದ್ದೆ ತಡೆದುಕೊಂಡು ಮೆಟ್ರಿಕ್ ಮಾಡಿದರು. ಇವರಿಗೆ ಮನೆಯಿಂದ ಏನೂ ಬರುತ್ತಿರಲಿಲ್ಲ, ಇವರೇ ತಿಂಗಳಿಗೊಮ್ಮೆ ಊರಿಗೆ ಮನಿಆರ್ಡರ್ ಕಳಿಸುತ್ತಿದ್ದರು. ಅಂಚೆಯವ ಅಂಗಳಕ್ಕೆ ಬಂದು ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಎಣಿಸಿಕೊಟ್ಟ ಆ ಕೆಲವು ರೂಪಾಯಿಗಳಲ್ಲಿ ಹದಿನಾಲ್ಕರ ಹುಡುಗ ಮನೆಯ ಯಜಮಾನನಾಗಿಬಿಡುತ್ತಿದ್ದ. ಅಷ್ಟು ಎಳೆಯ ಹೆಗಲಿಗೆ ಅದು ಹೆಚ್ಚಿನ ಭಾರವೇ. ಆ ಪೀಳಿಗೆಯ ಶ್ರಮವನ್ನು ಕೊಂಡಾಡುವವರು ಅವರ ಕಳೆದುಹೋದ ಬಾಲ್ಯದ ಬಗ್ಗೆ ಇನ್ನಷ್ಟು ಮಾತಾಡಬೇಕು.

ದಲಿತರ ಮಕ್ಕಳಿಗೆ ವಾರದ ಮನೆಯ ಬೀದಿಯಲ್ಲಿ ನಡೆಯುವುದೂ ಕಷ್ಟವಾಗಿದ್ದ ಕಾಲದಲ್ಲಿ, 1892ರಲ್ಲಿ, ಕುದ್ಮುಲ್ ರಂಗರಾವ್ ಮಂಗಳೂರಿನ ಚಿಲಿಂಬಿಯಲ್ಲಿ ಅವರಿಗಾಗಿ ಶಾಲೆ ತೆರೆದರು. ತಾವೂ ಹದಿನಾರರ ಹೊತ್ತಿಗೆ ತಂದೆಯನ್ನು ಕಳೆದುಕೊಂಡವರು. ಸ್ವಜಾತಿಯ ಬಹಿಷ್ಕಾರವನ್ನು ಎದುರಿಸಿ ಅವರು ಶಾಲೆ, ಊಟ, ವಸತಿಗಳ ವ್ಯವಸ್ಥೆ ಕಟ್ಟಿದರು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ಬಿದ್ದರೆ ಸಾಕು ಎಂಬುದು ಅವರ ಆಸೆಯಾಗಿತ್ತು. ಯಾವ ಅಪ್ಪನಿಗೂ ಇರುವ ಆಸೆ ಅದು. 1928ರ ಆಸುಪಾಸಿನಲ್ಲಿ ಅಂಬೇಡ್ಕರರ ಪ್ರಯತ್ನದಿಂದ ಮುಂಬಯಿ ಪ್ರಾಂತ್ಯದಲ್ಲಿ ಬಂದ ಹಾಸ್ಟೆಲುಗಳಲ್ಲಿ ಒಂದು ಧಾರವಾಡಕ್ಕೂ ದಕ್ಕಿತು.

ಆ ಸಾಲಿನ ಮುಂದಿನ ತಲೆಮಾರು ಸಿದ್ಧಲಿಂಗಯ್ಯನವರದು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಅವರ ಆತ್ಮಕಥೆ 'ಊರುಕೇರಿ'ಯ ಮೊದಲ ಪುಟಗಳಲ್ಲೇ ಹೊಲವೊಂದರ ಚಿತ್ರವಿದೆ. ನೊಗಕ್ಕೆ ಎತ್ತುಗಳ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟಿದ್ದಾರೆ, ಅವರಲ್ಲಿ ಒಬ್ಬರು ಹುಡುಗನ ಅಪ್ಪ. ಅದನ್ನು ನೋಡಿದ ಮಗ ಬೆಂಗಳೂರಿಗೆ ಬಂದು ಗೋಪಾಲಪುರದ ಹಾಸ್ಟೆಲಿನಲ್ಲಿ ಉಂಡು, ಶ್ರೀರಾಮಪುರದ ಸ್ಮಶಾನದ ನೆಮ್ಮದಿಯಲ್ಲಿ ಕೂತು ಓದಿ, ಕವಿಯಾದರು, ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರಲ್ಲಿ ಒಬ್ಬರಾದರು. ಅಪ್ಪನ ಹೆಗಲ ಮೇಲಿನ ನೊಗ ಮಗನ ಬದುಕಿಗೆ ಗುರಿಯನ್ನು ಕೊಟ್ಟಿತು. ಹಾಸ್ಟೆಲು ಇಲ್ಲದಿದ್ದರೆ ಆ ಗುರಿಗೆ ದಾರಿ ಸಿಗುತ್ತಿರಲಿಲ್ಲ. ಮನೆಯ ಪ್ರೀತಿಯೊಂದೇ ಎಲ್ಲವನ್ನೂ ಮಾಡಿಬಿಡುತ್ತದೆಂದು ನಂಬುವವರು ಇದನ್ನು ಮರೆಯಬಾರದು. ದೇವರಾಜ ಅರಸರ ಕಾಲದಲ್ಲಿ, 1970ರ ದಶಕದಲ್ಲಿ, ಸರ್ಕಾರಿ ವಿದ್ಯಾರ್ಥಿ ನಿಲಯಗಳು ತಾಲ್ಲೂಕು ತಾಲ್ಲೂಕಿಗೂ ಹರಡಿದ್ದರಿಂದ ಇಂಥ ಸಾವಿರಾರು ಮನೆಗಳ ಮೊದಲ ಪದವೀಧರರು ಹೊರಬಂದರು.

ಹುಡುಗಿಯರಿಗೆ? ವಾರವೂ ಇರಲಿಲ್ಲ, ಬಹುಕಾಲ ಹಾಸ್ಟೆಲೂ ಇರಲಿಲ್ಲ. ಅವರ ಪಾಲಿಗೆ ಎಲ್ಲವೂ ಅಪ್ಪನ ಮನಸ್ಸಿನ ಮೇಲೆ ನಿಂತಿತ್ತು. ನಂಜನಗೂಡಿನ ತಿರುಮಲಾಂಬಾ 1887ರಲ್ಲಿ ಹುಟ್ಟಿದರು. ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆ ವಯಸ್ಸಿನ ವಿಧವೆಯನ್ನು ಅಡುಗೆಮನೆಯ ಕತ್ತಲಿಗೆ ತಳ್ಳುತ್ತಿದ್ದ ಕಾಲದಲ್ಲಿ ವಕೀಲರಾಗಿದ್ದ ತಂದೆ ವೆಂಕಟಕೃಷ್ಣ ಅಯ್ಯಂಗಾರ್ ಮಗಳ ಕೈಗೆ ಪುಸ್ತಕ ಕೊಟ್ಟರು, ತಾವೇ ಪಾಠ ಹೇಳಿದರು. ಮಗಳು 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆ ಶುರುಮಾಡಿದರು. ಕಾದಂಬರಿ, ನಾಟಕ ಬರೆದರು, 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು, ಅಚ್ಚು ಹಾಕಿಸುವ ಮಾರುವ ವ್ಯವಹಾರವನ್ನೂ ತಾವೇ ನೋಡಿಕೊಂಡರು. ಅದೇ ನಂಜನಗೂಡಿನ ಅಕ್ಕಪಕ್ಕದ ಬೀದಿಗಳಲ್ಲಿ, ಅಷ್ಟೇ ಚುರುಕಾಗಿದ್ದು ಅಂಥ ಅಪ್ಪ ಸಿಗದ ಹುಡುಗಿಯರು ಎಷ್ಟೋ ಮಂದಿ ಇದ್ದಿರಬೇಕು.

ವಾರಾನ್ನ ಒಂದೇ ದಿನಕ್ಕೆ ಮುಗಿಯಲಿಲ್ಲ. ಎರಡನೇ ಮಹಾಯುದ್ಧದ ರೇಷನ್ನಿನಲ್ಲಿ ಮನೆಯ ಅಕ್ಕಿ ಮನೆಯವರಿಗೇ ಸಾಲದಾಯಿತು. ಉಡುಪಿ ಹೋಟೆಲುಗಳು ಊರೂರಿಗೆ ಬಂದವು, ಹೋಬಳಿಗಳಲ್ಲೇ ಹೈಸ್ಕೂಲು ತೆರೆದವು. 1974ರ ಭೂಸುಧಾರಣೆಯಲ್ಲಿ ಗೇಣಿಯ ಭತ್ತ ನಿಂತ ಮನೆಗಳಲ್ಲಿ ಹೊರಗಿನವರಿಗೆ ಎಲೆ ಹಾಕುವ ಶಕ್ತಿಯೂ ಉಳಿಯಲಿಲ್ಲ. ಪದ್ಧತಿ ಹೋದದ್ದಕ್ಕೆ ಅಳಬೇಕಿಲ್ಲ. ಪಂಕ್ತಿಯ ಕೊನೆಯಲ್ಲಿ ಕೂತು ತಲೆತಗ್ಗಿಸಿ ಉಂಡ ಅನ್ನಕ್ಕಿಂತ ಹಕ್ಕಿನಿಂದ ಸಿಗುವ ಹಾಸ್ಟೆಲಿನ ಊಟ ಮಗುವಿನ ಬೆನ್ನನ್ನು ನೆಟ್ಟಗೆ ಇಡುತ್ತದೆ. ಆ ಊಟ ಸರಿಯಾಗಿರಬೇಕು, ಮಗು ಉಂಡಿತೇ ಎಂದು ಕೇಳುವ ಒಬ್ಬ ವಾರ್ಡನ್ ಇರಬೇಕು, ಅಷ್ಟೇ.

ಪರರ ಮನೆಯ ಅನ್ನ ಉಂಡು ಓದಿದ ಹುಡುಗರಲ್ಲಿ ಹಲವರಿಗೆ ಆ ಋಣವನ್ನು ಹೆತ್ತವರಿಗೆ ತೀರಿಸಲು ಆಗಲಿಲ್ಲ. ಕೆಲವರ ಹೆತ್ತವರು ಆ ಹೊತ್ತಿಗೆ ಬದುಕಿರಲಿಲ್ಲ. ಬದುಕಿದ್ದವರಿಗೆ ಹಣ ಕೊಟ್ಟು ಮುಗಿಸುವ ಋಣವೂ ಅದಾಗಿರಲಿಲ್ಲ. ಅದು ಬೇರೆಯವರ ಮಕ್ಕಳ ಕಡೆಗೆ ಹರಿಯಿತು. ಗೌರಿಬಿದನೂರಿನ ಹತ್ತಿರದ ಹೊಸೂರಿನ ಎಚ್. ನರಸಿಂಹಯ್ಯನವರನ್ನು ನೋಡಿ. 1920ರಲ್ಲಿ ಹಿಂದುಳಿದ ಬಡ ಮನೆಯಲ್ಲಿ ಹುಟ್ಟಿದರು. ಊರಿನಲ್ಲಿ ಮುಂದಿನ ತರಗತಿ ಇರಲಿಲ್ಲ, ಬಸ್ಸಿಗೆ ಕಾಸಿರಲಿಲ್ಲ. 1935ರಲ್ಲಿ ಎರಡು ದಿನ ನಡೆದು ಬೆಂಗಳೂರು ಮುಟ್ಟಿ ನ್ಯಾಷನಲ್ ಹೈಸ್ಕೂಲು ಸೇರಿದರು, ಬಡ ಹುಡುಗರ ಹಾಸ್ಟೆಲಿನಲ್ಲಿ ಉಂಡು ಓದಿದರು. 1942ರ ಚಳವಳಿಯಲ್ಲಿ ಜೈಲಿಗೆ ಹೋದರು, ಅಮೆರಿಕದ ಒಹಾಯೊದಲ್ಲಿ ಪರಮಾಣು ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬಂದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯೇ ಅವರ ಮನೆ, ಅಲ್ಲಿಯ ಹುಡುಗರೇ ಸಂಸಾರ. ತಾವು ಕಾಲ್ನಡಿಗೆಯಲ್ಲಿ ಹೊರಟಿದ್ದ ಸೀಮೆಯ ಗೌರಿಬಿದನೂರಿನಲ್ಲಿ ಒಂದು, ಆಂಧ್ರದ ಗಡಿಗೆ ಅಂಟಿಕೊಂಡ ಬಾಗೇಪಲ್ಲಿಯಲ್ಲಿ ಇನ್ನೊಂದು, ಹೀಗೆ ನ್ಯಾಷನಲ್ ಕಾಲೇಜುಗಳನ್ನು ಅವರು ತೆರೆಸಿದರು. ಆ ಸೀಮೆಯ ರೈತರೂ ಕೂಲಿಯವರೂ ಮಗನನ್ನು, ಮಗಳನ್ನು ಬೆಳಗ್ಗೆ ಕಾಲೇಜಿಗೆ ಕಳಿಸಿ ಸಂಜೆ ಮನೆಯಲ್ಲೇ ಊಟಕ್ಕೆ ಕಾಯುವಂತಾಯಿತು.